ಹಾಡೋರು ಕಾಣೆಯಾದ ಹೆಡ್‌ಫೋನ್: ಒಂದು ಎನಾಮಲ್ ತಂತಿಯ ಪ್ರಕರಣ

ಬೆಂಗಳೂರಿನ ಚಾಮರಾಜಪೇಟೆಯಲ್ಲಿರುವ ನನ್ನ ಸೋದರತ್ತೆ ಒಂದು ಸಂಜೆ ಫೋನ್ ಮಾಡಿ, "ನಿನ್ನ ಆ ಕಾಯ್ಸೋ ಕಡ್ಡಿ ಇನ್ನೂ ಇದೆಯೇನೋ?" ಅಂತ ಕೇಳಿದರು. ತಂತಿ ಬೆಸೆಯುವ ಸೋಲ್ಡರಿಂಗ್ ಐರನ್‌ಗೆ ಅವರಿಟ್ಟ ಹೆಸರು ಅದು. ಇದೆ ಅತ್ತೆ, ಏನಾಯ್ತು ಅಂದೆ. "ಹೆಡ್‌ಫೋನಿಗೆ ಏನೋ ಆಗಿದೆ ಕಣೋ. ಪಿಟೀಲು ಕೇಳ್ಸತ್ತೆ, ಮೃದಂಗ ಕೇಳ್ಸತ್ತೆ, ಹಾಡೋರೇ ಇಲ್ಲ."

ಮೊದಲು ನಗು ಬಂತು. ಆಮೇಲೆ ಸುಮ್ಮನಾದೆ. ಅತ್ತೆ ಕಿವಿ ವಿಷಯದಲ್ಲಿ ಸುಮ್ನೆ ಏನೂ ಹೇಳೋರಲ್ಲ. ರಾಮನವಮಿ ಬಂದರೆ ಕೋಟೆ ಹೈಸ್ಕೂಲ್ ಮೈದಾನದ ಸಂಗೀತೋತ್ಸವದ ಪೆಂಡಾಲಿನಲ್ಲಿ ಅವರ ಕುರ್ಚಿ ಖಾಯಂ. ಮನೆಯಲ್ಲಿ ಅಡುಗೆ ಮುಗಿದ ಮೇಲೆ ಫೋನಿಗೆ ಹೆಡ್‌ಫೋನ್ ಚುಚ್ಚಿಕೊಂಡು ಕಚೇರಿ ಕೇಳುವುದು ದಿನದ ರೂಢಿ. ಕಿವಿಯೊಳಗೆ ತೂರಿಸುವ ಸಣ್ಣ ಗುಂಡಿಗಳು ಅವರಿಗೆ ಆಗಿಬರುವುದಿಲ್ಲ. ಹಾಗಾಗಿ ತಲೆ ಮೇಲೆ ಹಾಕಿಕೊಳ್ಳುವಂಥ, ಮಗ ತಂದುಕೊಟ್ಟ ವೈರಿನ ಹೆಡ್‌ಫೋನ್. ಹೊಸದು ತೆಗೆದುಕೊಳ್ಳಿ ಅಂದರೆ ಕೇಳುವುದಿಲ್ಲ, ಇದೇ ಬೇಕು.

ದೂರನ್ನು ಪೂರ್ತಿ ಕೇಳಿಸಿಕೊಂಡೆ. ಈಚಿನ ಕಚೇರಿಗಳಲ್ಲಿ ಪಕ್ಕವಾದ್ಯ ಮಾತ್ರ ಬರುತ್ತದೆ, ಅದೂ "ಬಾವಿಯೊಳಗಿಂದ ಬಂದ ಹಾಗೆ". ಹಳೇ ಆಕಾಶವಾಣಿ ರೆಕಾರ್ಡಿಂಗ್ ಹಾಕಿದರೆ ಏನೂ ಇಲ್ಲ, ಪೂರ್ತಿ ಮೌನ. ಮಗ ಫೋನ್ ಮಾಡಿದರೆ ಅವನ ಮಾತೂ ಕೇಳುವುದಿಲ್ಲ, ಆದರೆ ಹೆಡ್‌ಫೋನ್ ಕಿತ್ತರೆ ಎಲ್ಲ ಸರಿ. ಬೀದಿಯ ಮೊಬೈಲ್ ಅಂಗಡಿಯವನು ಇದು ಸಾಫ್ಟ್‌ವೇರ್ ತೊಂದರೆ ಅಂತ ಫೋನನ್ನು ರೀಸೆಟ್ ಮಾಡಿಕೊಟ್ಟಿದ್ದ. ಹಾಡೋರು ವಾಪಸ್ ಬರಲಿಲ್ಲ, ಅತ್ತೆಯ 3 ವರ್ಷದ ಫೋಟೋಗಳು ಮಾತ್ರ ಹೋದವು.

ಈ ಲಕ್ಷಣವನ್ನು ಬಲ್ಲವರಿಗೆ ಫೋನಿನಲ್ಲಿ ದೂರು ಕೇಳುವಾಗಲೇ ರೋಗ ಗೊತ್ತಾಗುತ್ತದೆ. ನನಗೆ ಗೊತ್ತಾಗಿದ್ದು ಮಲ್ಟಿಮೀಟರ್, ಅಂದರೆ ಕರೆಂಟ್ ಹರಿಯುವ ದಾರಿ ಸರಿ ಇದೆಯೇ ಅಂತ ಅಳೆಯುವ ಮೀಟರ್, ಹಿಡಿದ ಮೇಲೆ. ಅದನ್ನೂ ಇಲ್ಲೇ ಬಿಡಿಸಿ ಹೇಳಿಬಿಡುತ್ತೇನೆ, ಯಾಕಂದರೆ ಇಡೀ ಪ್ರಕರಣದಲ್ಲಿ ಇದೇ ಚೆಂದದ ಭಾಗ.

ಫೋನಿಗೆ ಚುಚ್ಚುವ ಸ್ಟೀರಿಯೋ ಪಿನ್ನಿನಲ್ಲಿ 3 ತುಂಡು ಲೋಹ ಇರುತ್ತದೆ, ನಡುವೆ 2 ಕಪ್ಪು ಗೆರೆ. ತುದಿ ಎಡಗಿವಿಗೆ, ನಡುವಿನ ಉಂಗುರ ಬಲಗಿವಿಗೆ, ಬುಡದ ಉದ್ದ ಭಾಗ ಎರಡಕ್ಕೂ ಸೇರಿದ ಗ್ರೌಂಡ್. ಅಂದರೆ ಎರಡೂ ಕಿವಿಗೆ ಹೋಗುವ ದಾರಿ ಬೇರೆ ಬೇರೆ, ವಾಪಸ್ ಬರುವ ದಾರಿ ಒಂದೇ. ಆ ಒಂದು ದಾರಿ ಕಡಿದರೆ ಕರೆಂಟ್ ಏನು ಮಾಡುತ್ತದೆ? ಎಡಗಡೆಯಿಂದ ಹೋಗಿ, ಎಡಗಿವಿ ದಾಟಿ, ಬಲಗಿವಿ ದಾಟಿ, ಬಲಗಡೆಯ ತಂತಿಯಲ್ಲಿ ಈಚೆ ಬರಲು ನೋಡುತ್ತದೆ. ಈಗ ಎಡ ಬಲ ಎರಡರಲ್ಲೂ ಒಂದೇ ಸದ್ದು ಇದ್ದರೆ ಎರಡೂ ಕಡೆಯಿಂದ ಸಮಸಮ ಒತ್ತಡ. ಹಗ್ಗವನ್ನು ಎರಡು ಕಡೆಯಿಂದ ಸಮ ಎಳೆದರೆ ಅದು ಅಲುಗಾಡುವುದಿಲ್ಲ ಅಲ್ವಾ, ಹಾಗೆ. ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸ ಎಷ್ಟೋ ಅಷ್ಟು ಮಾತ್ರ ಕಿವಿಗೆ ಬೀಳುತ್ತದೆ.

ಕಚೇರಿ ರೆಕಾರ್ಡಿಂಗಿನಲ್ಲಿ ಹಾಡುವವರನ್ನು ನಟ್ಟನಡುವೆ ಇಡುತ್ತಾರೆ, ಅಂದರೆ ಎರಡೂ ಕಡೆಗೆ ಸಮ. ಪಿಟೀಲು ಒಂದು ಕಡೆ, ಮೃದಂಗ ಇನ್ನೊಂದು ಕಡೆ. ಗ್ರೌಂಡ್ ಕಡಿದಾಗ ನಡುವಿನವರು ಅಳಿಸಿಹೋಗಿ ಪಕ್ಕದವರು ಉಳಿಯುತ್ತಾರೆ. ಹಳೇ ಆಕಾಶವಾಣಿ ರೆಕಾರ್ಡಿಂಗ್ ಮೋನೋ, ಎರಡೂ ಕಡೆ ಪೂರ್ತಿ ಒಂದೇ. ಹಾಗಾಗಿ ಪೂರ್ತಿ ಮಾಯ. ಫೋನ್ ಮಾತೂ ಮೋನೋ. ಅತ್ತೆ ಹೇಳಿದ ಮೂರೂ ಮಾತು ಒಂದೇ ಕಡೆ ಬೊಟ್ಟು ಮಾಡುತ್ತಿದ್ದವು, ನಾವ್ಯಾರೂ ಕೇಳಿಸಿಕೊಳ್ಳಲಿಲ್ಲ ಅಷ್ಟೇ.

ಭಾನುವಾರ ಹೋಗಿ ಮೀಟರ್ ಹಿಡಿದೆ. ತುದಿಗೂ ಬುಡಕ್ಕೂ: ಏನೂ ಇಲ್ಲ, ಅಂದರೆ ದಾರಿ ಕಡಿದಿದೆ. ಉಂಗುರಕ್ಕೂ ಬುಡಕ್ಕೂ: ಏನೂ ಇಲ್ಲ. ತುದಿಗೂ ಉಂಗುರಕ್ಕೂ: 63 ಓಮ್ ಚಿಲ್ಲರೆ (ಓಮ್ ಅಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ). ಹೆಡ್‌ಫೋನ್ ಮೇಲೆ 32 ಓಮ್ ಅಂತ ಬರೆದಿದೆ, ಒಂದು ಕಿವಿಗೆ. ಎರಡು ಸೇರಿ 63 ಅಂದರೆ ಎರಡೂ ಸ್ಪೀಕರ್ ಬದುಕಿವೆ, ಎಡ ಬಲ ತಂತಿ ಎರಡೂ ಸರಿ ಇವೆ, ಗ್ರೌಂಡ್ ಒಂದೇ ಸತ್ತಿದೆ. ತುದಿಗೂ ಉಂಗುರಕ್ಕೂ ಮೀಟರ್ ಕಡ್ಡಿ ತಾಗಿಸಿದಾಗೆಲ್ಲ ಎರಡೂ ಕಿವಿಯಲ್ಲಿ ಒಟ್ಟಿಗೆ ಸಣ್ಣಗೆ 'ಟಿಕ್' ಅನ್ನುತ್ತಿತ್ತು. ಈ ಟಿಕ್ ನೆನಪಿಟ್ಟುಕೊಳ್ಳಿ, ಕೊನೆಗೆ ಇದೇ ನನ್ನ ಮಾನ ಕಳೆದಿದ್ದು.

ಕಡಿದಿದ್ದು ಎಲ್ಲಿ ಅನ್ನುವುದಕ್ಕೆ ದೊಡ್ಡ ಹುಡುಕಾಟ ಬೇಕಿರಲಿಲ್ಲ. ಪಿನ್ನಿನ ಕುತ್ತಿಗೆಯ ಹತ್ತಿರ ವೈರ್ ಸೊಟ್ಟಗೆ ಮಡಚಿ ಬಿಳಿಚಿಕೊಂಡಿತ್ತು. ಅತ್ತೆ ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಕೇಳುವವರು, ಪಿನ್ ದಿನಾ ಅದೇ ಮೂಲೆಗೆ ಬಾಗುತ್ತದೆ. ಪಿನ್ ಅಚ್ಚು ಹಾಕಿದ್ದು, ಬಿಚ್ಚಲು ಬರುವುದಿಲ್ಲ. ಕತ್ತರಿಸಿ ಹೊಸ ಪಿನ್ ಹಾಕುವುದೊಂದೇ ದಾರಿ. ಅರ್ಧ ಗಂಟೆ ಕೆಲಸ ಅತ್ತೆ, ಕಾಫಿ ಇಡಿ ಅಂದೆ. ಆ ಮಾತು ಆಡಬಾರದಿತ್ತು.

ಪಿನ್ನಿಂದ 3 ಸೆಂಟಿಮೀಟರ್ ಮೇಲೆ ಕತ್ತರಿಸಿ ಹೊರಗಿನ ರಬ್ಬರ್ ಸುಲಿದೆ. ಒಳಗೆ 3 ಬಣ್ಣದ ಎಳೆಗಳ ಗೊಂಚಲು: ಕೆಂಪು, ಹಸಿರು, ಇನ್ನೊಂದು ಬರಿಯ ತಾಮ್ರದ ಬಣ್ಣ. ಒಂದೊಂದು ಗೊಂಚಲಿನಲ್ಲೂ ಹಲವು ಎಳೆ, ಒಂದೊಂದು ಎಳೆ ತಲೆಕೂದಲಿನಷ್ಟು ಸಪೂರ. ಜೊತೆಗೆ ಬಿಳಿ ದಾರ, ಎಳೆಗಳನ್ನು ಅದಕ್ಕೆ ಸುತ್ತಿಕೊಂಡ ಹಾಗೆ ಇರುತ್ತದೆ. ಗೊಂಚಲಿಗೊಂದು ಪ್ಲಾಸ್ಟಿಕ್ ಕವಚ ಇಲ್ಲವಲ್ಲ, ಒಂದಕ್ಕೊಂದು ತಾಗಿ ಶಾರ್ಟ್ ಆಗುವುದಿಲ್ಲವೇ ಅಂತ ಯಾರಿಗಾದರೂ ಅನಿಸಬೇಕು. ಆ ಬಣ್ಣವೇ ಕವಚ. ಕೆಂಪು, ಹಸಿರು ಎರಡೂ ತಾಮ್ರದ ಮೇಲೆ ಬಳಿದ ತೆಳ್ಳನೆಯ ಎನಾಮಲ್. ಕವಚ ಇಷ್ಟು ತೆಳ್ಳಗಿರುವುದರಿಂದಲೇ ಮೂರೂ ಸೇರಿದ ವೈರ್ ದಾರದ ಹಾಗೆ ಮೆತ್ತಗೆ ಇರುತ್ತದೆ.

ಇಲ್ಲಿ ನಾನು ಮೊದಲ ಸಲ ಮೋಸ ಹೋದೆ. ಕೆಂಪಿಗೂ ಹಸಿರಿಗೂ ಬಣ್ಣ ಇದೆ ಅಂತ ಗೊತ್ತು, ಕೆರೆಯಬೇಕು ಅಂತಲೂ ಗೊತ್ತು. ಮೂರನೆಯದು ತಾಮ್ರದ ಬಣ್ಣದ್ದು ಬರಿ ತಾಮ್ರ ಅಂತಲೇ ಅಂದುಕೊಂಡೆ. ಕಡ್ಡಿ ತಾಗಿಸಿದರೆ ಮೀಟರ್ ಬಾಯೇ ಬಿಡಲಿಲ್ಲ. ಎಲ್ಲೆಲ್ಲಿ ಹಿಡಿದರೂ ಇಲ್ಲ. ಒಂದು ಕ್ಷಣ ವೈರ್ ಇನ್ನೂ ಮೇಲೆಲ್ಲೋ ಕಡಿದಿದೆ ಅಂತ ಹೆದರಿ, ಇನ್ನೂ 5 ಸೆಂಟಿಮೀಟರ್ ಕತ್ತರಿಸಿಬಿಟ್ಟೆ. ಅದರ ಅಗತ್ಯವೇ ಇರಲಿಲ್ಲ. ಅದರ ಮೇಲೂ ಎನಾಮಲ್ ಇತ್ತು, ಆದರೆ ಬಣ್ಣವಿಲ್ಲದ್ದು. ಗಾಜಿನ ಹಾಗೆ ಒಳಗಿನ ತಾಮ್ರ ಹಾಗೇ ಕಾಣಿಸುತ್ತದೆ, ಮುಟ್ಟಲು ಬಿಡುವುದಿಲ್ಲ.

ಮೊದಲ ಪ್ರಯತ್ನ ಮನೆಯಲ್ಲಿದ್ದ ಹಳೇ 25 ವ್ಯಾಟ್ ಐರನ್ನಿನಲ್ಲಿ. ಅದರ ಮೂತಿ ಕಪ್ಪಾಗಿ ಇದ್ದಿಲ ತುಂಡಿನ ಹಾಗಿತ್ತು, ಅದನ್ನು ಒದ್ದೆ ಸ್ಪಂಜಿಗೆ ಎರಡು ಸಲ ಒರೆಸಿ ಶಾಸ್ತ್ರ ಮುಗಿಸಿದೆ. ತಂತಿಗೆ ಸೋಲ್ಡರ್, ಅಂದರೆ ಕರಗಿಸಿ ಬೆಸೆಯುವ ಲೋಹ, ತಾಗಿಸಿದರೆ ಕೆಸುವಿನ ಎಲೆ ಮೇಲಿನ ನೀರಿನ ಹನಿಯ ಹಾಗೆ ಗುಂಡಗಾಗಿ ಉರುಳುತ್ತಿತ್ತು. ಹತ್ತು ಸಲ ಉರುಳಿತು. ನನಗೂ ಹಟ. ಪಿನ್ನಿನ ಗ್ರೌಂಡ್ ತಗಡಿನ ಮೇಲೆ ತಂತಿ ಇಟ್ಟು, ಅದರ ಮೇಲೆ ಒಂದು ದೊಡ್ಡ ಗುಡ್ಡೆ ಸೋಲ್ಡರ್ ಸುರಿದೆ. ತಣ್ಣಗಾದ ಮೇಲೆ ಎಳೆದರೆ ಬರಲಿಲ್ಲ, ಗಟ್ಟಿ. ಹೊಳೆಯುತ್ತಲೂ ಇತ್ತು. ಅತ್ತೆ ಕಾಫಿ ತಂದು ನೋಡಿ ಚೆನ್ನಾಗಿದೆ ಅಂದರು. ಮೀಟರ್ ಮಾತ್ರ ಇಲ್ಲ ಅಂದಿತು.

ಸಿಮೆಂಟಿನಲ್ಲಿ ಹೂತ ಬಾಟಲಿ ಅಲುಗಾಡುವುದಿಲ್ಲ, ಆದರೆ ಅದರೊಳಗಿನ ನೀರು ಸಿಮೆಂಟಿಗೆ ತಾಗಿರುವುದಿಲ್ಲ. ಅದೇ ಕಥೆ. ಸೋಲ್ಡರ್ ತಂತಿಯನ್ನು ಸುತ್ತ ಹಿಡಿದುಕೊಂಡಿದೆ, ನಡುವೆ ಎನಾಮಲ್ ಹಾಗೇ ಕೂತಿದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ಕತ್ತರಿಸಿದ ತುದಿಯ ಒಂದೆರಡು ಎಳೆ ಎಲ್ಲೋ ತಾಗಿ ಸದ್ದು ಬಂದುಬಿಡುತ್ತದೆ, ಆಗ ನಾವು ಗೆದ್ದೆವು ಅಂದುಕೊಂಡು ಮುಚ್ಚುತ್ತೇವೆ, ವಾರದೊಳಗೆ ಕರಕರ ಶುರು. ನನಗೆ ಆ ಅದೃಷ್ಟವೂ ಇರಲಿಲ್ಲ, ಒಳ್ಳೆಯದೇ ಆಯಿತು.

ಎರಡನೆಯ ಪ್ರಯತ್ನ ಲೈಟರ್. ಎಲ್ಲರೂ ಹೇಳುವ ಉಪಾಯ: ತುದಿಯನ್ನು ಬೆಂಕಿಗೆ ಹಿಡಿ, ಬಣ್ಣ ಸುಟ್ಟುಹೋಗುತ್ತದೆ, ಒರೆಸು. ಹಿಡಿದೆ. ಬಣ್ಣದ ಜೊತೆ ಬಿಳಿ ದಾರವೂ ಕರಗಿ ತಂತಿಗೆ ಮೆತ್ತಿಕೊಂಡಿತು, ಅದು ನೈಲಾನ್. ತಾಮ್ರ ಕಪ್ಪಾಯಿತು. ಕಪ್ಪು ಅಂದರೆ ತಾಮ್ರದ ಆಕ್ಸೈಡ್, ಅದರ ಮೇಲೂ ಸೋಲ್ಡರ್ ನಿಲ್ಲುವುದಿಲ್ಲ. ಉಜ್ಜು ಕಾಗದದಲ್ಲಿ ಒಂದು ಸಲ ಎಳೆದದ್ದೇ, ಅರ್ಧ ಎಳೆಗಳು ಕಾಗದಕ್ಕೆ ಅಂಟಿಕೊಂಡು ಬಂದವು. ಕೈ ಪಳಗಿದವರು ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ ಬೆಂಕಿ ತೋರಿಸಿ ತೆಗೆಯುತ್ತಾರೆ, ಅವರಿಗೆ ಆಗುತ್ತದೆ. ನನ್ನ ಕೈಗೆ ಇಷ್ಟು ಸಪೂರ ತಂತಿಯಲ್ಲಿ ಆಗಲಿಲ್ಲ. ಆಸ್ಪಿರಿನ್ ಮಾತ್ರೆ ಮೇಲೆ ತಂತಿ ಇಟ್ಟು ಐರನ್ ಒತ್ತುವ ಇನ್ನೊಂದು ಉಪಾಯವೂ ಇದೆ, ಕರಗಿದ ಮಾತ್ರೆಯ ಆಮ್ಲ ಎನಾಮಲ್ಲನ್ನು ತಿನ್ನುತ್ತದೆ. ಕೆಲಸ ಆಗುತ್ತದೆ, ಆದರೆ ಕಣ್ಣು ಮೂಗು ಉರಿಸುವ ಹೊಗೆ ಬರುತ್ತದೆ, ಆಮ್ಲದ ಉಳಿಕೆ ತಂತಿಯ ಮೇಲೆ ಕೂರುತ್ತದೆ. ಅತ್ತೆ ಮನೆಯ ನಡುಮನೆಯಲ್ಲಿ ಅದನ್ನು ಮಾಡುವ ಧೈರ್ಯ ನನಗಿಲ್ಲ.

ಭಾನುವಾರ ಹಾಗೇ ಮುಗಿಯಿತು. ಎಲೆಕ್ಟ್ರಾನಿಕ್ ಬಿಡಿಭಾಗ ಸಿಗುವ ಎಸ್.ಪಿ. ರಸ್ತೆಯಲ್ಲಿ ಬಹಳಷ್ಟು ಅಂಗಡಿ ಆವತ್ತು ಬಾಗಿಲು ತೆಗೆಯುವುದಿಲ್ಲ, ಇಲ್ಲದಿದ್ದರೆ ಆಗಲೇ ಓಡುತ್ತಿದ್ದೆ.

ಸೋಮವಾರ ಬೆಳಗ್ಗೆ ಆಫೀಸಿಗೆ ತಡವಾಗಿ ಬರುತ್ತೇನೆ ಅಂತ ಮೆಸೇಜ್ ಹಾಕಿ ಹೊರಟೆ. ಅತ್ತೆ ಮನೆಯ ತಿರುವಿನಲ್ಲಿ ಒಂದು ಮೋಟರ್ ವೈಂಡಿಂಗ್ ಅಂಗಡಿ ಇದೆ. ಎನಾಮಲ್ ತಂತಿ ಅಂದರೆ ದಿನಾ ಅವರ ಕೈಯಲ್ಲೇ ಅಲ್ವಾ ಅಂತ ಒಳಗೆ ಹೋದೆ. ಯಜಮಾನರು ಮಿಕ್ಸಿ ಮೋಟರಿನ ತಂತಿಯನ್ನು ಬ್ಲೇಡಿನ ಬೆನ್ನಿನಲ್ಲಿ ಸರಸರ ಕೆರೆಯುತ್ತಿದ್ದರು. ನನ್ನ ತಂತಿ ನೋಡಿ ಕನ್ನಡಕ ಏರಿಸಿದರು, ಬೆಳಕಿಗೆ ಹಿಡಿದರು. "ಇದು ತಂತಿ ಅಲ್ಲ ಸಾರ್, ಕೂದಲು. ಬ್ಲೇಡ್ ಹಾಕಿದ್ರೆ ತಲೆ ಬೋಳಾಗತ್ತೆ" ಅಂದರು. ಆಮೇಲೆ ಅವರೇ ಒಂದು ಮಾತು ಹೇಳಿದರು, ಅದು ನನ್ನ ತಲೆಯಲ್ಲಿದ್ದ ಗಂಟು ಬಿಡಿಸಿತು. ಮೋಟರ್ ತಂತಿಯ ಎನಾಮಲ್ಲು ಬಿಸಿ ತಡೆಯಲಿ ಅಂತಲೇ ಮಾಡಿದ್ದು, ಮೋಟರ್ ಕಾದರೂ ಅದು ಸುಡಬಾರದು, ಹಾಗಾಗಿ ಅದನ್ನು ಕೆರೆಯಲೇಬೇಕು. ಸಣ್ಣ ತಂತಿಯದ್ದು ಹಾಗಲ್ಲ, ಐರನ್ನಿನ ಬಿಸಿಗೇ ಬಿಡುತ್ತದೆ.

ಅವರು ಹೇಳಿದ್ದು ನಿಜ. ಹೆಡ್‌ಫೋನ್ ತಂತಿಗೆ ಸಾಮಾನ್ಯವಾಗಿ ಹಾಕುವುದು ಪಾಲಿಯುರೆಥೇನ್ ಎನಾಮಲ್, ಅದು ಸೋಲ್ಡರ್ ಮಾಡುವಾಗಲೇ ಒಡೆದುಹೋಗಲಿ ಅಂತಲೇ ಆರಿಸಿದ್ದು. ಆದರೆ ಅದಕ್ಕೆ ಸುಮಾರು 370ರಿಂದ 400 ಡಿಗ್ರಿ ಬೇಕು. 63 ಪಾಲು ತವರ, 37 ಪಾಲು ಸೀಸದ ಸೋಲ್ಡರ್ ಕರಗುವುದು 183 ಡಿಗ್ರಿಗೆ. ನನ್ನ ಕಪ್ಪು ಮೂತಿಯ ಐರನ್ ಸೋಲ್ಡರನ್ನು ಕರಗಿಸುವಷ್ಟು ಬಿಸಿ ಇತ್ತು, ಎನಾಮಲ್ಲನ್ನು ಒಡೆಯುವಷ್ಟು ಇರಲಿಲ್ಲ. ಸೋಲ್ಡರ್ ನೀರಾಯಿತು ಅಂದ ತಕ್ಷಣ ಬಿಸಿ ಸಾಕು ಅಂದುಕೊಂಡದ್ದೇ ತಪ್ಪು.

ಮಾರ್ಕೆಟ್ ದಾಟಿ ಎಸ್.ಪಿ. ರಸ್ತೆಗೆ ನಡೆದೇ ಹೋದೆ. ಟೌನ್ ಹಾಲ್ ಕಡೆಯಿಂದ ಒಳಗೆ ಹೊಕ್ಕರೆ ಕಂಪ್ಯೂಟರ್ ಅಂಗಡಿಗಳ ಗಲಾಟೆ, ಬಿಡಿಭಾಗದ ಅಂಗಡಿಗಳು ಒಳ ಓಣಿಗಳಲ್ಲಿ. ಇ.ಪಿ. ಸ್ಟೀರಿಯೋ ಪಿನ್ ಕೊಡಿ ಅಂದೆ, ಅಲ್ಲಿ 3.5 ಎಂಎಂ ಪಿನ್ನಿಗೆ ಅದೇ ಹೆಸರು. ಲೋಹದ ಟೊಪ್ಪಿಯದು ತೆಗೆದುಕೊಂಡೆ, ಎರಡು. ಎರಡು ಯಾಕೆ ಅಂದರೆ ನನ್ನನ್ನು ನಾನು ಬಲ್ಲೆ. ಒಳಗೆ ರೋಸಿನ್ (ರಾಳ) ಇರುವ ಸಪೂರ ಸೋಲ್ಡರ್, ಒಂದು ಡಬ್ಬಿ ರೋಸಿನ್ ಪೇಸ್ಟ್, ಬಿಸಿ ತಾಗಿದರೆ ಬಿಗಿಯಾಗುವ ಹೀಟ್ ಶ್ರಿಂಕ್ ಸ್ಲೀವ್ ಒಂದಡಿ. ಕೌಂಟರಿನವರು ತಂತಿಯ ತುಂಡು ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಐರನ್ ಎಷ್ಟು ಬಿಸಿ ಆಗತ್ತೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಬಿಸಿ ಹೆಚ್ಚು ಕಡಿಮೆ ಮಾಡಬಹುದಾದ ಐರನ್ ಒಂದನ್ನು ಅಲ್ಲೇ ತೆಗೆದುಕೊಂಡೆ. ಈ ಹೊತ್ತಿಗೆ ರಿಪೇರಿಯ ಖರ್ಚು ಹೊಸ ಹೆಡ್‌ಫೋನಿನ ಬೆಲೆ ದಾಟಿತ್ತು. ಮನೆಯಲ್ಲಿ ಹೇಳಿಲ್ಲ.

ಮೂರನೆಯ ಪ್ರಯತ್ನ ಅದೇ ಸಂಜೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಮೇಲಿನ ಫ್ಯಾನ್ ಆಫ್. ಅದು ತಿರುಗುತ್ತಿದ್ದರೆ ಎಳೆಗಳು ಹಾರಾಡುತ್ತವೆ, ಐರನ್ ಮೂತಿಯೂ ತಣ್ಣಗಾಗುತ್ತದೆ. ಕಿಟಕಿ ತೆರೆದು, ಟೇಬಲ್ ಫ್ಯಾನನ್ನು ಹೊಗೆ ಹೊರಗೆ ಹೋಗುವ ಹಾಗೆ ತಿರುಗಿಸಿಟ್ಟೆ. ಪಾಲಿಯುರೆಥೇನ್ ಸುಟ್ಟಾಗ ಬರುವ ಹೊಗೆಯಲ್ಲಿ ಐಸೋಸಯನೇಟ್ ಇರುತ್ತದೆ, ಉಬ್ಬಸ ಇರುವವರಿಗೆ ಅದು ಖಂಡಿತ ಬೇಡ. ಅತ್ತೆಯನ್ನು ಹೊರಗೆ ಕೂರಿ ಅಂದರೆ ಬಾಗಿಲಲ್ಲಿ ನಿಂತರು.

ರಬ್ಬರ್ 2 ಸೆಂಟಿಮೀಟರ್ ಸುಲಿದು, ದಾರವನ್ನು ಎಳೆಗಳಿಂದ ಬಿಡಿಸಿ ಹಿಂದಕ್ಕೆ ಮಡಚಿದೆ. ಕತ್ತರಿಸಲಿಲ್ಲ, ಅದಕ್ಕೆ ಬೇರೆ ಕೆಲಸ ಇದೆ. ಒಂದೊಂದು ಬಣ್ಣದ ಎಳೆಗಳನ್ನು ಬೆರಳಲ್ಲಿ ಹೊಸೆದು ಬತ್ತಿ ಮಾಡಿದೆ. ದೀಪದ ಬತ್ತಿಯ ಹಾಗೇ, ಒಂದು ಎಳೆಯೂ ಹೊರಗೆ ಚಾಚಬಾರದು. ಐರನ್ 390ಕ್ಕೆ ಇಟ್ಟೆ. ಬತ್ತಿಯ ತುದಿಗೆ ಚೂರು ಪೇಸ್ಟ್. ಐರನ್ ಮೂತಿಯ ಮೇಲೆ ಸೋಲ್ಡರಿನ ಒಂದು ದಪ್ಪ ಹನಿ ನಿಲ್ಲಿಸಿ, ಬತ್ತಿಯ ಕೊನೆಯ 3 ಮಿಲಿಮೀಟರನ್ನು ಆ ಹನಿಯೊಳಗೆ ಮುಳುಗಿಸಿದೆ. ತಂತಿಯನ್ನು ಐರನ್ನಿನಿಂದ ಒತ್ತುವುದಲ್ಲ, ಹನಿಯೊಳಗೆ ಅದ್ದುವುದು. ಬರಿ ಮೂತಿ ಒಂದು ಗೆರೆಯಷ್ಟು ಮಾತ್ರ ತಾಗುತ್ತದೆ, ಹನಿಯಾದರೆ ಬತ್ತಿಯನ್ನು ಸುತ್ತಲೂ ಅಪ್ಪುತ್ತದೆ, ಬಿಸಿ ಎಲ್ಲ ಕಡೆಯಿಂದ ಹೋಗುತ್ತದೆ.

ಮೊದಲ ಒಂದೆರಡು ಸೆಕೆಂಡು ಏನೂ ಇಲ್ಲ. ಹನಿ ತಂತಿಯನ್ನು ದೂಡುತ್ತಿತ್ತು, ನಿನ್ನೆಯ ಹಾಗೆ. ಆಮೇಲೆ ಸಣ್ಣಗೆ 'ಚುಂಯ್' ಅಂತು. ತೆಳು ಹೊಗೆ ಎದ್ದಿತು. ತುದಿಯಲ್ಲಿ ಕೆಂಪು ಬಣ್ಣ ಕಂದಾಯಿತು, ಸುಕ್ಕಾಯಿತು, ಮೇಲಕ್ಕೆ ಸರಿಯಿತು, ಅದು ಸರಿದ ಜಾಗಕ್ಕೆ ಬೆಳ್ಳಿ ಬಣ್ಣ ತಾನಾಗಿ ಹತ್ತಿ ಬಂತು. ನಾನು ಏನೂ ಮಾಡುತ್ತಿರಲಿಲ್ಲ, ಸುಮ್ನೆ ಹಿಡಿದುಕೊಂಡಿದ್ದೆ. ಒಟ್ಟು 4-5 ಸೆಕೆಂಡು. ಹೊರಗೆ ತೆಗೆದಾಗ ತುದಿಯಲ್ಲಿ ಕರಿ ಕಸದ ಮುತ್ತು ಒಂದು ಜೋತುಬಿದ್ದಿತ್ತು, ಸುಟ್ಟ ಎನಾಮಲ್. ಅದನ್ನು ಒದ್ದೆ ಸ್ಪಂಜಿಗೆ ಒರೆಸಿ, ಹೊಸ ಹನಿಯಲ್ಲಿ ಇನ್ನೊಂದು ಸಲ ಅದ್ದಿದೆ. ಈಗ ತಂತಿಯ ಸುತ್ತ ನುಣ್ಣನೆಯ ಬೆಳ್ಳಿ.

ಬಾಗಿಲಿಂದ ಅತ್ತೆ, "ಇದು ಕಲಾಯಿ ಅಲ್ವೇನೋ!" ಅಂದರು.

ಕಲಾಯಿಯೇ. ಮುಂಚೆ ಬೀದಿಗೆ ಬರುತ್ತಿದ್ದ ಕಲಾಯಿಯವನು ಹಿತ್ತಾಳೆ ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರ ತಾಗಿಸಿ ಹತ್ತಿಯಲ್ಲಿ ಉಜ್ಜಿದರೆ ಪಾತ್ರೆ ಒಳಗೆಲ್ಲ ಬೆಳ್ಳಗಾಗುತ್ತಿತ್ತು. ಲೋಹ ಸಾಕಷ್ಟು ಕಾದಿರಬೇಕು, ಮೈ ಶುದ್ಧ ಇರಬೇಕು, ಆಗ ತವರ ತಾನೇ ಹರಡುತ್ತದೆ. ನನ್ನ ಭಾನುವಾರದ ಕೆಲಸವನ್ನು ಆ ಕಲಾಯಿಯವನು ನೋಡಿದ್ದರೆ, ಪಾತ್ರೆ ಕಾಯಿಸದೆ ತವರ ಸುರೀತಿದ್ದೀಯಲ್ಲ ಅಂತ ಅಲ್ಲೇ ಬೈಯುತ್ತಿದ್ದ. ಒಂದು ವ್ಯತ್ಯಾಸ ಮಾತ್ರ ಇದೆ. ಅವನ ನವಸಾಗರ ನಮಗೆ ಬೇಡ. ಅದರ ಉಳಿಕೆ ಕೂದಲೆಳೆ ತಾಮ್ರವನ್ನು ನಿಧಾನವಾಗಿ ತಿಂದುಹಾಕುತ್ತದೆ. ನಮ್ಮದು ರಾಳ, ಅಂದರೆ ರೋಸಿನ್. ಪೈಪ್ ಬೆಸುಗೆಗೆ ಹಾಕುವ ಆಮ್ಲದ ಪೇಸ್ಟ್ ಕೂಡ ಇಲ್ಲಿಗೆ ಬೇಡ.

ಮೂರು ಬತ್ತಿಗೂ ಕಲಾಯಿ ಆಯಿತು. ಮೀಟರ್ ಹಿಡಿದೆ: 31, 31, 63. ಬರಿ ತುದಿಗಳಲ್ಲೇ ಮೂರೂ ಅಳತೆ ಸರಿ ಬಂತು. ಪಿನ್ನಿಗೆ ಬೆಸೆಯುವ ಮೊದಲೇ ಹೀಗೆ ನೋಡಿಕೊಂಡರೆ, ಆಮೇಲೆ ತಪ್ಪಾದರೆ ತಪ್ಪು ಎಲ್ಲಿ ಅಂತ ಹುಡುಕುವ ಕಷ್ಟ ಅರ್ಧ ಕಡಿಮೆ.

ಪಿನ್ನಿಗೆ ಬೆಸೆಯುವುದು ಇದರ ಮುಂದೆ ಏನೂ ಅಲ್ಲ. ಪಿನ್ನನ್ನು ಒಂದು ಹಳೇ ರೇಡಿಯೋದ ಸಾಕೆಟ್ಟಿಗೆ ಚುಚ್ಚಿ ನಿಲ್ಲಿಸಿದೆ. ಬಿಸಿಗೆ ಒಳಗಿನ ಪ್ಲಾಸ್ಟಿಕ್ ಮೆತ್ತಗಾದರೂ ತುದಿ, ಉಂಗುರ ಓರೆಯಾಗದೆ ಅಲ್ಲೇ ಕೂರುತ್ತವೆ. ಐರನ್ 330ಕ್ಕೆ ಇಳಿಸಿದೆ, ಕಲಾಯಿ ಆದ ತಂತಿಗೆ ಅಷ್ಟು ಸಾಕು. ಮೂರೂ ಒಂದೊಂದು ಸೆಕೆಂಡಿನಲ್ಲಿ ಕಚ್ಚಿಕೊಂಡವು. ಬಿಳಿ ದಾರವನ್ನು ಪಿನ್ನಿನ ಬುಡದ ಹಿಡಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿದೆ. ಇನ್ನು ಮೇಲೆ ವೈರ್ ಎಳೆದರೆ ಭಾರ ದಾರದ ಮೇಲೆ, ತಾಮ್ರದ ಮೇಲಲ್ಲ. ದಾರ ಇರುವುದೇ ಅದಕ್ಕೆ, ಬಹಳ ಜನ ಅಡ್ಡಿ ಅಂತ ಕತ್ತರಿಸಿ ಎಸೆಯುತ್ತಾರೆ.

ಹೆಮ್ಮೆಯಿಂದ ಪಿನ್ನಿನ ಟೊಪ್ಪಿಗೆ ಕೈ ಹಾಕಿದೆ. ಟೊಪ್ಪಿ ಮೇಜಿನ ಮೇಲೆ ಇತ್ತು. ವೈರಿಗೆ ಮೊದಲೇ ಪೋಣಿಸಬೇಕಾಗಿತ್ತು. ಸ್ಲೀವ್ ಕೂಡ ಅದರ ಪಕ್ಕದಲ್ಲೇ ಇತ್ತು.

ಈ ತಪ್ಪನ್ನು ಮಾಡದವರು ಯಾರೂ ಇಲ್ಲ ಅಂತ ಸಮಾಧಾನ ಮಾಡಿಕೊಂಡು, ಮೂರನ್ನೂ ಮತ್ತೆ ಬಿಡಿಸಿದೆ. ಬಿಡಿಸುವಾಗ ಎನಾಮಲ್ ಇನ್ನಷ್ಟು ಸುಟ್ಟು ಬಣ್ಣ ರಬ್ಬರಿನವರೆಗೂ ಹೋಯಿತು. ಟೊಪ್ಪಿ ಪೋಣಿಸಿ ನೋಡಿದರೆ ಕೈಯಲ್ಲಿ 3 ಬೆಳ್ಳಿ ತುದಿ. ಕೆಂಪು ಯಾವುದು, ಹಸಿರು ಯಾವುದು?

ಗ್ರೌಂಡ್ ಯಾವುದು ಅಂತ ಮೀಟರೇ ಹೇಳಿತು. ಯಾವ ತುದಿ ಉಳಿದೆರಡರ ಜೊತೆಯೂ 31 ತೋರಿಸುತ್ತದೋ ಅದು ಗ್ರೌಂಡ್, ಉಳಿದೆರಡರ ನಡುವೆ 63. ಆದರೆ ಆ ಎರಡರಲ್ಲಿ ಎಡ ಯಾವುದು, ಬಲ ಯಾವುದು ಅಂತ ಮೀಟರಿಗೆ ಗೊತ್ತಿಲ್ಲ. ಎರಡೂ 31. ರಬ್ಬರನ್ನು ಇನ್ನು ಅರ್ಧ ಸೆಂಟಿಮೀಟರ್ ಸುಲಿದಿದ್ದರೆ ಬಣ್ಣ ಕಾಣುತ್ತಿತ್ತು. ಅದೂ ಬೇಡ, ಹೆಡ್‌ಫೋನ್ ತಲೆಗೆ ಹಾಕಿಕೊಂಡು ಮೀಟರ್ ಕಡ್ಡಿ ತಾಗಿಸಿದ್ದರೆ ಯಾವ ಕಿವಿಯಲ್ಲಿ ಟಿಕ್ ಅನ್ನುತ್ತದೆ ಅಂತ ನೋಡಿ ಮುಗಿಸಬಹುದಿತ್ತು. ರಾತ್ರಿ ಒಂಬತ್ತಾಗಿತ್ತು, ಟ್ಯೂಬ್‌ಲೈಟ್ ಬೆಳಕು, ಅತ್ತೆ ಊಟಕ್ಕೆ ಎರಡು ಸಲ ಕರೆದಾಗಿತ್ತು. ಒಂದು ತುದಿಯ ಬುಡದಲ್ಲಿ ಕೆಂಪು ಛಾಯೆ ಕಂಡ ಹಾಗಾಯಿತು. ಅದೇ ಕೆಂಪು, ಅಂದರೆ ಬಲಗಿವಿಯದು, ಅಂತ ಉಂಗುರಕ್ಕೆ ಬೆಸೆದೆ. ಸುಟ್ಟ ಹಸಿರು ಎನಾಮಲ್ ಕೂಡ ಕಂದುಗೆಂಪಾಗೇ ಕಾಣುತ್ತದೆ ಅನ್ನುವುದು ಆಗ ಹೊಳೆಯಲಿಲ್ಲ.

ಅಳೆದೆ. 31, 31, 63. ಪಿನ್ನನ್ನು ಬಗ್ಗಿಸಿ, ತಿರುಚಿ ಮತ್ತೆ ಅಳೆದೆ, ಅಂಕಿ ಅಲುಗಾಡಲಿಲ್ಲ. ಟೊಪ್ಪಿ ತಿರುಗಿಸಿ, ಕುತ್ತಿಗೆಗೆ ಎರಡು ಪದರ ಸ್ಲೀವ್ ಹಾಕಿ ಬಿಸಿ ತೋರಿಸಿ ಬಿಗಿ ಮಾಡಿದೆ.

ಊಟ ಆದ ಮೇಲೆ ಅತ್ತೆ ಹೆಡ್‌ಫೋನ್ ಹಾಕಿಕೊಂಡರು. ಮೊದಲು ಹಳೇ ಆಕಾಶವಾಣಿ ರೆಕಾರ್ಡಿಂಗ್. ಕಣ್ಣು ಮುಚ್ಚಿದರು, ತೊಡೆ ಮೇಲೆ ಬೆರಳು ತಾಳ ಹಾಕಲು ಶುರುವಾಯಿತು. ಬಂದರು ಅಂದರು. ಆಮೇಲೆ ಈಚಿನ ಒಂದು ಕಚೇರಿ ಹಾಕಿದರು. ಅರ್ಧ ನಿಮಿಷ ಕೇಳಿದರು. ಹುಬ್ಬು ಗಂಟಾಯಿತು.

"ಏನೋ, ಪಿಟೀಲು ಎಡಗಡೆಗೆ ಬಂದು ಕೂತಿದೆ?"

ವೇದಿಕೆಯ ಮೇಲೆ ಪಿಟೀಲಿನವರು ಹಾಡುವವರ ಎಡಕ್ಕೆ, ಮೃದಂಗದವರು ಬಲಕ್ಕೆ. ಎದುರು ಕೂತ ನಮಗೆ ಪಿಟೀಲು ಬಲಗಡೆ. ಅತ್ತೆಯ ಈ ಕಚೇರಿಯೂ ಅದೇ ಕ್ರಮದಲ್ಲಿ ರೆಕಾರ್ಡ್ ಆಗಿದ್ದು, ಅದನ್ನು ನೂರಾರು ಸಲ ಕೇಳಿದವರು ಅವರು. ಉಂಗುರಕ್ಕೆ ಹೋಗಬೇಕಾದದ್ದು ತುದಿಗೆ ಹೋಗಿತ್ತು, ತುದಿಯದು ಉಂಗುರಕ್ಕೆ. ಕೊಡಿ ಅತ್ತೆ, ಮತ್ತೆ ಬಿಚ್ಚಿ ಸರಿ ಮಾಡುತ್ತೇನೆ, ಇನ್ನೊಂದು ಪಿನ್ ಇದೆ ಅಂತ ಕೈ ಚಾಚಿದೆ.

"ಬೇಡ ಬೇಡ, ನೀನು ಇನ್ನೊಂದು ಸಲ ಬಿಚ್ಚೋದು ಬೇಡ" ಅಂದವರೇ ಹೆಡ್‌ಫೋನನ್ನು ತಲೆ ಮೇಲೆ ಹಿಂದು ಮುಂದು ತಿರುಗಿಸಿ ಹಾಕಿಕೊಂಡರು. ಇನ್ನೊಂದಷ್ಟು ಕೇಳಿ ತಲೆಯಾಡಿಸಿದರು.

ಹೋದ ವಾರ ಹೋಗಿದ್ದಾಗ ನೋಡಿದೆ. ಎಲ್ ಅಂತ ಅಚ್ಚಾಗಿರುವ ಕಡೆ ಒಂದು ಮೆರೂನ್ ಬಣ್ಣದ ಸ್ಟಿಕರ್ ಬೊಟ್ಟು ಅಂಟಿಸಿಕೊಂಡಿದ್ದಾರೆ, ಅದು ಬಲಗಿವಿಗೆ. ಎರಡನೇ ಪಿನ್ ಇನ್ನೂ ನನ್ನ ಡಬ್ಬಿಯಲ್ಲೇ ಇದೆ.